ಇದ್ದಿಲು ಇಲ್ಲದ ಬಸ್ಸಿನಲ್ಲಿ ಇದ್ದಿಲ ವಾಸನೆ

ಬಸ್ಸಿನ ಬೆನ್ನಿನಿಂದ ಇದ್ದಿಲ ಪೀಪಾಯಿಯನ್ನು ಇಳಿಸಿದ ದಿನ ಬಸ್ಸಿನ ಮಾಲಕ ಹೆಗ್ಡೆಯವರ ಶೆಡ್ಡಿನಲ್ಲಿ ಎಲ್ಲರಿಗೂ ಅವಲಕ್ಕಿ, ಬಾಳೆಹಣ್ಣು ಹಂಚಿದರು. ಯುದ್ಧ ಮುಗಿದು ವರ್ಷ ಕಳೆದಿತ್ತು. ಪೆಟ್ರೋಲು ಇನ್ನೂ ಅಳತೆಯ ಮೇಲೇ ಸಿಗುತ್ತಿದ್ದರೂ ಬಸ್ಸು ಓಡಿಸುವಷ್ಟು ಸಿಗತೊಡಗಿತ್ತು. ಯುದ್ಧಕಾಲದುದ್ದಕ್ಕೂ ಬಸ್ಸಿನ ಹಿಂದೆ ನೇತಾಡಿದ, ಆಳೆತ್ತರದ ಆ ಕರಿ ಪೀಪಾಯಿಯನ್ನು ನಾಲ್ಕು ಜನ ಹೊತ್ತು ಶೆಡ್ಡಿನ ಹಿಂದಿನ ಕೇದಗೆ ಪೊದೆಯ ಬುಡದಲ್ಲಿ ಕೆಡವಿದರು. ಡ್ರೈವರ್ ಬಚ್ಚ ದೇವಾಡಿಗ ಕೈ ತೊಳೆದುಕೊಂಡು ಬಂದು ಸೀಟಿನಲ್ಲಿ ಕೂತ. ಕುಂದಾಪುರದಿಂದ ಹೊರಟ ಬಸ್ಸು ಕೋಟೇಶ್ವರ ದಾಟಿ, ತೆಕ್ಕಟ್ಟೆ ದಾಟಿ, ಕೋಟದ ತಿರುವಿಗೆ ಬರುತ್ತಿದ್ದಾಗ ಬಚ್ಚನ ಮೂಗಿಗೆ ಇದ್ದಿಲ ವಾಸನೆ ಬಂತು.

ಅದು ಅವನಿಗೆ ಪರಿಚಯದ ವಾಸನೆ. ತೆಂಗಿನ ಗೆರಟೆಯ ಇದ್ದಿಲು ಅರ್ಧ ಉರಿದಾಗ ಯಾರೋ ಮೇಲೆ ನೀರು ಚಿಮುಕಿಸಿದಂಥದ್ದು. ವಾಸನೆಯ ಹಿಂದೆಯೇ ಹೊಟ್ಟೆಯೊಳಗಿನಿಂದ ಏನೋ ಎದ್ದು ಗಂಟಲವರೆಗೆ ಬರುತ್ತದೆ. ಆಮೇಲೆ ಏನೂ ಇಲ್ಲ. ಮತ್ತೆ ಅವನಿಗೆ ರಸ್ತೆ ಕಂಡಾಗ ಕೋಟದ ನಿಲ್ದಾಣ ಹಿಂದಾಗಿತ್ತು. ಬಸ್ಸು ಸಾಲಿಗ್ರಾಮದ ಕಡೆಗೆ ಹೋಗುತ್ತಿತ್ತು. ಕೈಗಳು ಸ್ಟಿಯರಿಂಗಿನ ಮೇಲೇ ಇದ್ದವು. ಕಂಡಕ್ಟರ್ ಕಿಟ್ಟ ಒಂದು ಕೈಯಲ್ಲಿ ಅವನ ಭುಜವನ್ನು, ಇನ್ನೊಂದರಲ್ಲಿ ಸ್ಟಿಯರಿಂಗಿನ ಅಂಚನ್ನು ಹಿಡಿದು ನಿಂತಿದ್ದ. ಕೋಟದಲ್ಲಿ ಇಳಿಯಬೇಕಾಗಿದ್ದವರು ಹಿಂದಿನಿಂದ ಬೈಯುತ್ತಿದ್ದರು.

"ಗ್ಯಾಸ್ ಹಿಡಿತಾ ಬಚ್ಚಣ್ಣ?" ಎಂದು ಕಿಟ್ಟ ಅಭ್ಯಾಸದಂತೆ ಕೇಳಿದ. ಕೇಳಿದವನೇ ಬಸ್ಸಿನ ಹಿಂಭಾಗದ ಕಡೆ ತಿರುಗಿ ನೋಡಿದ. ಬಸ್ಸಿನಲ್ಲಿ ಗ್ಯಾಸು ಎಲ್ಲಿತ್ತು?

ಬಚ್ಚ ಹಟ್ಟಿಯಂಗಡಿಯವನು. ಅಪ್ಪ ದೇವಸ್ಥಾನದ ವಾಲಗದಲ್ಲಿ ಡೋಲು ಬಾರಿಸುತ್ತಿದ್ದ, ಅಣ್ಣ ಮೌರಿ ಊದುತ್ತಿದ್ದ. ಬಚ್ಚನ ಕೈಗೆ ತಾಳ ಕೂರಲಿಲ್ಲ. ಕೂತಿದ್ದರೂ ಎರಡನೆಯ ಮಗನಿಗೆ ಆ ಅಂಗಳದಲ್ಲಿ ಜಾಗವಿರಲಿಲ್ಲ. ಮೀಸೆ ಮೂಡುವ ಮೊದಲೇ ಅವನು ಹೊಳೆ ದಾಟಿ ಕುಂದಾಪುರಕ್ಕೆ ಬಂದು ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ. ತೊಳೆಯುವವನು ಮುಂದೆ ಸಾಮಾನು ಹೇರುವವನಾದ, ಹೇರುವವನು ಡ್ರೈವರನ ಮಗ್ಗುಲಲ್ಲಿ ಕೂತು ನೋಡಿ ನೋಡಿ ಕಲಿತ. ಮೂವತ್ತು ತುಂಬುವ ಮೊದಲೇ ಖಾಕಿ ಅಂಗಿ ಬಂತು. ಯಾರದೋ ಜಗಲಿಯ ಕೆಳಗೆ ನಿಂತು ಊಟದ ಕರೆಗೆ ಕಾಯುತ್ತಿದ್ದ ಮನೆತನದವನಿಗಾಗಿ ಈಗ ಭಟ್ಟರೂ ಶೆಟ್ಟರೂ ರಸ್ತೆ ಬದಿಯಲ್ಲಿ ಕೊಡೆ ಹಿಡಿದು ಕಾಯುತ್ತಿದ್ದರು. ಈ ಸಂಗತಿಯನ್ನು ಬಚ್ಚ ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ಅವನಿಗೆ ಲೋಕದಲ್ಲಿ ಇದ್ದ ಜಾಗ ಅದೊಂದೇ, ಆ ಸೀಟು.

ಯುದ್ಧ ಬಂದು ಪೆಟ್ರೋಲು ನಿಂತಾಗ ಬಸ್ಸುಗಳಿಗೆ ಇದ್ದಿಲ ಪೀಪಾಯಿ ಕಟ್ಟಿದರು. ಬೆಳಗಾಗುವ ಮೊದಲೇ ಎದ್ದು ಪೀಪಾಯಿಗೆ ಇದ್ದಿಲು ತುಂಬಬೇಕು, ಬೆಂಕಿ ಹಾಕಬೇಕು, ಗಾಳಿ ಹಾಕುವ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ತೋಳು ಸೋತಾಗ ಗ್ಯಾಸು ಏಳುತ್ತಿತ್ತು. ಎದ್ದರೂ ಅದಕ್ಕೆ ಬಲವಿರಲಿಲ್ಲ. ಸಣ್ಣ ಏರು ಬಂದರೂ ಪ್ರಯಾಣಿಕರು ಇಳಿದು ತಳ್ಳಬೇಕು. ಹಿಂದಿನಿಂದ ಬಂದ ಎತ್ತಿನ ಗಾಡಿಯವರು ದಾರಿ ಕೇಳುತ್ತಾರೆ ಎಂದು ಕಿಟ್ಟ ತಮಾಷೆ ಮಾಡುತ್ತಿದ್ದ. ಅದು ಪೂರ್ತಿ ತಮಾಷೆಯೂ ಅಲ್ಲ. ಪೀಪಾಯಿಯ ಸಂದಿಗಳಿಂದ ಸೋರಿದ ಹೊಗೆ ಬಸ್ಸಿನೊಳಗೆ ಬರುತ್ತಿತ್ತು. ಡ್ರೈವರುಗಳಿಗೆ ತಲೆನೋವು, ತಲೆಸುತ್ತು, ವಾಂತಿ. ಅದಕ್ಕೆ ಎಲ್ಲರೂ 'ಗ್ಯಾಸ್ ಹಿಡಿಯುವುದು' ಎಂದು ಹೆಸರಿಟ್ಟರು. ಗ್ಯಾಸ್ ಹಿಡಿದರೆ ಬಸ್ಸು ನಿಲ್ಲಿಸಿ ಗಾಳಿಗೆ ನಿಲ್ಲಬೇಕು, ಮಜ್ಜಿಗೆ ಕುಡಿಯಬೇಕು. ಕರಾವಳಿಯ ಗಾಳಿಗೆ ಅದು ಬೇಗ ಬಿಡುತ್ತದೆ ಎಂದು ನಂಬಿಕೆ.

ಬಚ್ಚನಿಗೂ ಗ್ಯಾಸ್ ಹಿಡಿಯುತ್ತಿತ್ತು. ವಾಸನೆ ಮೊದಲು, ಹೊಟ್ಟೆ ಆಮೇಲೆ, ನಂತರ ಒಂದಿಷ್ಟು ದಾರಿ ಕಳೆದುಹೋಗುವುದು. ಕಳೆದುಹೋದ ದಾರಿಯ ಬಗ್ಗೆ ಅವನು ಯಾರನ್ನೂ ಕೇಳಲಿಲ್ಲ. ಎಲ್ಲ ಡ್ರೈವರುಗಳಿಗೂ ಹೀಗೇ ಎಂದು ತಿಳಿದಿದ್ದ. ಕಿಟ್ಟನೂ ಹಾಗೇ ತಿಳಿದು, ಬಚ್ಚನಿಗೆ ಗ್ಯಾಸ್ ಹಿಡಿದಾಗ ಪಕ್ಕಕ್ಕೆ ಬಂದು ಸ್ಟಿಯರಿಂಗಿಗೆ ಕೈ ಕೊಡುವುದನ್ನು ರೂಢಿ ಮಾಡಿಕೊಂಡಿದ್ದ. ಬಸ್ಸು ಮನುಷ್ಯ ನಡೆದಷ್ಟು ನಿಧಾನಕ್ಕೆ ಹೋಗುತ್ತಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಎರಡು ಸಲ ಗದ್ದೆಯ ಅಂಚಿಗೆ ಇಳಿದಿತ್ತು. ಅದನ್ನೂ ಗ್ಯಾಸಿನ ಲೆಕ್ಕಕ್ಕೇ ಹಾಕಿದರು.

ಬಾಡಿಗೆಗೆ ಜನರನ್ನು ಹೊತ್ತು ಓಡಿಸುವವನು ವರ್ಷಕ್ಕೊಮ್ಮೆ ಲೈಸೆನ್ಸು ಹೊಸದು ಮಾಡಿಸುವಾಗ ಡಾಕ್ಟರ ಸರ್ಟಿಫಿಕೇಟನ್ನೂ ಮಂಗಳೂರಿಗೆ ಕಳಿಸಬೇಕಾಗಿತ್ತು. ಕುಂದಾಪುರದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ರಾಜೀವ ರಾಯರು ಅದನ್ನು ಬರೆದುಕೊಡುತ್ತಿದ್ದರು. ಕಣ್ಣು ನೋಡುತ್ತಿದ್ದರು, ಕಿವಿ ನೋಡುತ್ತಿದ್ದರು, ಎದೆಗೆ ಕೊಳವೆ ಇಡುತ್ತಿದ್ದರು. ಆಮೇಲೆ ಇಂಗ್ಲಿಷಿನ ಹಾಳೆಯನ್ನು ಓದಿಕೊಂಡು ಕನ್ನಡದಲ್ಲಿ ಕೇಳುತ್ತಿದ್ದರು: ಮೂರ್ಛೆ, ತಲೆಸುತ್ತು, ಬುದ್ಧಿಭ್ರಮಣೆ ಏನಾದರೂ ಉಂಟೋ? ಬಚ್ಚ ಪ್ರತಿ ವರ್ಷವೂ ಗ್ಯಾಸಿನಿಂದ ಮಾತ್ರ ಎಂದು ಹೇಳುತ್ತಿದ್ದ. ಡಾಕ್ಟರು ನಕ್ಕು, ನಿನ್ನ ಬಸ್ಸಿನಲ್ಲಿ ಬಂದ ದಿನ ನನಗೂ ಹಿಡಿಯುತ್ತದೆ ಎಂದು ಹೇಳಿ ರುಜು ಹಾಕುತ್ತಿದ್ದರು. ಹೆಗ್ಡೆಯವರ ಇನ್ನಿಬ್ಬರು ಡ್ರೈವರುಗಳು ಸೈನ್ಯಕ್ಕೆ ಸೇರಿ ಹೋಗಿದ್ದರು. ಉಳಿದವನನ್ನು ಕಳೆದುಕೊಳ್ಳುವುದು ಊರಿನಲ್ಲಿ ಯಾರಿಗೂ ಬೇಕಿರಲಿಲ್ಲ. ಡಾಕ್ಟರು ಮಾಡಿದ್ದರಲ್ಲಿ ಮೋಸವಿರಲಿಲ್ಲ, ಗಮನವೂ ಇರಲಿಲ್ಲ.

ಪೀಪಾಯಿ ಇಳಿದ ಮೇಲೆ ಬಚ್ಚ ಬಸ್ಸನ್ನೆಲ್ಲ ಹುಡುಕಿದ. ಸೀಟುಗಳನ್ನು ಬಿಚ್ಚಿ ಕೆಳಗಿನ ಮಸಿ ಗುಡಿಸಿದ. ಸೋಡಾ ಪುಡಿ ಹಾಕಿ ಹಲಗೆ ತೊಳೆಸಿದ. ಹೆಗ್ಡೆಯವರು ಇದೊಂದು ಒಳ್ಳೆಯ ಗುಣ ಎಂದು ಮೆಚ್ಚಿ ಹೊಸ ಬಣ್ಣ ಹೊಡೆಸಿದರು. ಬಣ್ಣದ ವಾಸನೆಯ ನಡುವೆಯೇ ಇದ್ದಿಲ ವಾಸನೆ ಬಂತು. ಆಮೇಲೆ ಅವನು ತನ್ನ ಅಂಗಿಯನ್ನು ಅನುಮಾನಿಸಿದ. ಖಾಕಿ ಅಂಗಿಯನ್ನು ಹೆಂಡತಿ ಅಕ್ಕುವಿನ ಮುಖಕ್ಕೆ ಹಿಡಿದು ಮೂಸಿ ನೋಡಲು ಹೇಳಿದ. ಸಾಬೂನು ಬಿಟ್ಟರೆ ಬೆವರು, ಇದ್ದಿಲು ಎಲ್ಲಿತ್ತು ಎಂದು ಅಕ್ಕು ಅಂಗಿಯನ್ನು ಹಗ್ಗಕ್ಕೆ ಎಸೆದಳು. ನಾಲ್ಕು ವರ್ಷದ ಹೊಗೆ ರಕ್ತದಲ್ಲಿ ಕೂತಿರಬೇಕು, ಇಳಿಯಲು ಸಮಯ ಬೇಕು ಎಂದು ಶೆಡ್ಡಿನಲ್ಲಿ ಯಾರೋ ಹೇಳಿದರು. ಅದು ಬಚ್ಚನಿಗೆ ಸರಿ ಎನಿಸಿತು. ಹರಳೆಣ್ಣೆ ಕುಡಿದು ಎರಡು ದಿನ ಹೊಟ್ಟೆ ತೊಳೆದುಕೊಂಡ. ಒಂದು ಮಳೆಗಾಲ ಪೂರ್ತಿ ಕಾದ. ಊರಿನ ಬೇರೆ ಬಸ್ಸುಗಳ ಡ್ರೈವರುಗಳ ರಕ್ತದಿಂದ ಹೊಗೆ ಇಳಿದುಹೋಗಿತ್ತು. ಅವರಿಗೆ ತಲೆನೋವೂ ಇರಲಿಲ್ಲ.

ಮಾಬುಕಳದ ಹೊಳೆಗೆ ಆಗ ಸೇತುವೆ ಇಲ್ಲ. ಕುಂದಾಪುರದ ಬಸ್ಸು ಹೊಳೆಯ ಬದಿಯವರೆಗೆ ಹೋಗಿ ಇಳಿಜಾರಿನ ತುದಿಯಲ್ಲಿ ನಿಲ್ಲುತ್ತಿತ್ತು. ಜನ ದೋಣಿಯಲ್ಲಿ ದಾಟಿ ಆಚೆಯ ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಹೋಗುತ್ತಿದ್ದರು. ದೀಪಾವಳಿ ಕಳೆದು ನೆಲ ಒಣಗುತ್ತಿದ್ದ ಒಂದು ಬೆಳಿಗ್ಗೆ, ಆ ಇಳಿಜಾರು ಶುರುವಾಗುವಲ್ಲಿ ಬಚ್ಚನಿಗೆ ವಾಸನೆ ಬಂತು. ಬ್ರೇಕು ಒತ್ತಬೇಕು ಎಂದು ನೆನೆದದ್ದು ಅವನಿಗೆ ಗೊತ್ತಿದೆ. ಒತ್ತಿದ್ದು ಗೊತ್ತಿಲ್ಲ.

ಮುಂದೆ ಅವನಿಗೆ ಕಂಡದ್ದು ನೀರು. ಮುಂದಿನ ಗಾಲಿಗಳು ಹೊಳೆಯೊಳಗೆ ಇದ್ದವು. ಕಿಟ್ಟ ಅವನ ಕಾಲುಗಳ ಮೇಲೆ ಅಡ್ಡಲಾಗಿ ಬಿದ್ದು ಕೈಬ್ರೇಕನ್ನು ಎರಡೂ ಕೈಯಿಂದ ಎಳೆದು ಹಿಡಿದಿದ್ದ. ಬಸ್ಸಿನೊಳಗೆ ಕೋಳಿಗಳು ಹಾರಾಡುತ್ತಿದ್ದವು, ಮಕ್ಕಳು ಅಳುತ್ತಿದ್ದವು. ದಿನವೂ ಮುಂದಿನ ಸೀಟಿನಲ್ಲಿ ಕೂತು ಬ್ರಹ್ಮಾವರಕ್ಕೆ ತರಕಾರಿ ಕೊಂಡುಹೋಗುತ್ತಿದ್ದ ಅಮ್ಮಣ್ಣಿ ಎಂಬ ಮುದುಕಿ ಬುಟ್ಟಿಯ ಸಮೇತ ಕೆಳಗೆ ಉರುಳಿದ್ದಳು. ಅವಳ ಎಡಗೈ ಮಣಿಕಟ್ಟಿನಲ್ಲಿ ಇರಬೇಕಾದ ಹಾಗೆ ಇರಲಿಲ್ಲ.

ಅಮ್ಮಣ್ಣಿ ಅತ್ತವಳಲ್ಲ. ಹರಿವೆ ಸೊಪ್ಪಿನ ನಡುವೆ ಎದ್ದು ಕೂತು ಬಚ್ಚನನ್ನು ನೋಡಿದಳು.

"ಎಂತ ಬಚ್ಚ, ಬಸ್ಸಿಗ್ ನೀರ್ ಕುಡಿಸುಕ್ ತಕಂಡ್ ಬಂದದ್ದಾ?"

ಜನ ನಕ್ಕರು. ನಕ್ಕದ್ದರಿಂದ ಗಲಾಟೆ ಆಗಲಿಲ್ಲ. ಬ್ರೇಕು ಹಿಡಿಯಲಿಲ್ಲ ಎಂದು ಕಿಟ್ಟ ಎಲ್ಲರಿಗೂ ಹೇಳಿದ, ಹೆಗ್ಡೆಯವರಿಗೂ ಹೇಳಿದ. ಹೆಗ್ಡೆಯವರು ಬ್ರೇಕು ಬಿಚ್ಚಿಸಿ ಹೊಸದು ಹಾಕಿಸಿದರು. ಹಳೆಯ ಬ್ರೇಕಿನಲ್ಲಿ ಏನೂ ತಪ್ಪು ಸಿಗಲಿಲ್ಲ ಎಂದು ಬಿಚ್ಚಿದವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮಣ್ಣಿಗೆ ಆಚೆ ದಡದ ನಾಟಿ ವೈದ್ಯನೊಬ್ಬ ಬಿದಿರು ಸೀಳಿ ಕಟ್ಟು ಹಾಕಿದ. ವಾರ ಕಳೆಯುವುದರೊಳಗೆ ಅವಳು ಕಟ್ಟಿನ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಅದೇ ಸೀಟಿಗೆ ಬಂದು ಕೂತಳು. ಆ ಹೊತ್ತಿಗೆ ಬೇರೆ ಬಸ್ಸು ಇರಲಿಲ್ಲ. ಅವಳ ಬುಟ್ಟಿಯನ್ನು ಬಚ್ಚನೇ ಇಳಿದು ಬಂದು ಏರಿಸತೊಡಗಿದ. ಅವಳು ಬೇಡ ಎನ್ನಲಿಲ್ಲ, ಉಪಕಾರ ಎಂದೂ ಹೇಳಲಿಲ್ಲ.

ಹೊಳೆ ಬದಿಯಲ್ಲಿ ತಟ್ಟಿ ಕಟ್ಟಿದ ಒಂದು ಚಾ ಅಂಗಡಿ ಇತ್ತು. ದೋಣಿ ಬರುವವರೆಗೆ ಬಸ್ಸಿನವರು, ದೋಣಿಯವರು ಅಲ್ಲಿ ಕೂರುತ್ತಿದ್ದರು. ಒಂದು ದಿನ ಬಚ್ಚ ಕಾಲು ತೊಳೆದುಕೊಂಡು ಹಿಂದಿನಿಂದ ಬರುತ್ತಿದ್ದಾಗ ಒಳಗೆ ನಗು ಕೇಳಿಸಿತು. ತಟ್ಟಿಯ ಸಂದಿಯಿಂದ ನೋಡಿದ. ಕಿಟ್ಟ ಬೆಂಚಿನ ಮೇಲೆ ಕೂತು ಇಲ್ಲದ ಸ್ಟಿಯರಿಂಗ್ ಹಿಡಿದಿದ್ದ. ಅವನ ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ. ಬಾಯಿ ಎಲೆಅಡಿಕೆ ಅಗಿಯುವ ಹಾಗೆ ಆಡುತ್ತಿತ್ತು. ಬಲಗೈ ಸ್ಟಿಯರಿಂಗ್ ಬಿಟ್ಟು ಅಂಗಿಯ ಗುಂಡಿಯನ್ನು ಹುಡುಕಿತು, ಬಿಚ್ಚಿತು, ಮತ್ತೆ ಹುಡುಕಿತು. ದೋಣಿಯವರು ಹೊಟ್ಟೆ ಹಿಡಿದು ನಗುತ್ತಿದ್ದರು. ಬಹಳ ಸಲ ನೋಡಿ, ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದವರ ನಗು ಅದು.

ಬಚ್ಚ ಒಳಗೆ ಬಂದ. ನಗು ನಿಂತಿತು. ಅವನು ಚಾ ಕುಡಿದು ಹೊರಗೆ ಹೋಗುವಾಗ ಕಿಟ್ಟನನ್ನು ಕರೆದ. ಬಸ್ಸಿನ ನೆರಳಿಗೆ ಹೋದ ಮೇಲೆ, ಈಗ ಮಾಡಿದ್ದನ್ನು ಇನ್ನೊಮ್ಮೆ ಮಾಡು ಎಂದ. ಕಿಟ್ಟ ತಮಾಷೆಗೆ ಮಾಡಿದ್ದು, ತಪ್ಪಾಯಿತು, ಮನಸ್ಸಿಗೆ ಹಾಕಿಕೊಳ್ಳಬೇಡಿ ಎಂದ. ಬಚ್ಚ ಬಿಡಲಿಲ್ಲ. ಕಿಟ್ಟ ಮಾಡಿ ತೋರಿಸಿದ. ಈ ಸಲ ಯಾರೂ ನಗುವವರಿಲ್ಲದೆ ಅದು ನೋಡಲು ಬೇರೆಯಾಗಿತ್ತು.

"ಇದ್ ನಾನಾ?"

"ಗ್ಯಾಸ್ ಹಿಡ್ದಾಗ" ಎಂದ ಕಿಟ್ಟ.

"ಬೇರೆ ಡ್ರೈವರ್‌ಗಳಿಗೂ ಹೀಂಗೇ ಆತಿತ್ತಾ?"

ಕಿಟ್ಟ ಸ್ವಲ್ಪ ಯೋಚಿಸಿದ. "ಇಲ್ಲೆ. ಅವ್ರ್ ಕಾರ್ತಿದ್ರ್, ತಲಿ ಹಿಡ್ಕಂಡ್ ಕೂಕಂತಿದ್ರ್. ಅಗಿಯುದ್ ನೀವೊಬ್ರೇ."

"ಹೊಳಿಗ್ ಹೋದ ದಿನ?"

"ಅಗಿತಾ ಇದ್ರಿ. ನಾ ಕೂಗ್ದೆ. ನಿಮ್ಗೆ ಕೇಂತಿಲ್ಲೆ."

"ಮತ್ತ್ ನಂಗ್ ಎಂತಕ್ಕ್ ಹೇಳ್ಲಿಲ್ಲೆ?"

"ನಿಮ್ಗೆ ಗೊತ್ತಿತ್ ಅಂದ್ಕಂಡಿದ್ದೆ ಬಚ್ಚಣ್ಣ" ಎಂದ ಕಿಟ್ಟ. "ನಿಮ್ದೇ ಮುಖ ಅಲ್ದಾ."

ಆ ದಿನ ವಾಪಸು ಬರುವಾಗ ಬಚ್ಚ ಬಸ್ಸನ್ನು ಇದ್ದಿಲ ಕಾಲದಲ್ಲಿ ಓಡಿಸಿದಷ್ಟು ನಿಧಾನವಾಗಿ ಓಡಿಸಿದ. ಪ್ರಯಾಣಿಕರು ಬೈದರು.

ಲೈಸೆನ್ಸಿನ ಅವಧಿ ಆ ತಿಂಗಳಿಗೇ ಮುಗಿಯುವುದಿತ್ತು. ಬಚ್ಚ ಹೆಗ್ಡೆಯವರ ಮುಂದೆ ಹೋಗಿ, ತನಗೆ ಗ್ಯಾಸಲ್ಲ, ಬೇರೇನೋ ಇದೆ ಎಂದು ಹೇಳಿದ. ಪ್ರೇಮಾನಂದ ಹೆಗ್ಡೆಯವರು ಕೆಟ್ಟವರಲ್ಲ. ಅವರಿಗೆ ಎರಡು ಬಸ್ಸು, ಒಬ್ಬನೇ ಸರಿಯಾದ ಡ್ರೈವರು. ಅವರು ವೀಳ್ಯದ ತಟ್ಟೆಯಿಂದ ತಲೆ ಎತ್ತದೆ ಎಲ್ಲವನ್ನೂ ಕೇಳಿದರು.

"ವಯಸ್ಸಾಯ್ತ್, ದಣಿದಿದ್ದಿ. ನಾಲ್ಕ್ ದಿನ ಮನಿಯಲ್ ಕೂಕೋ" ಎಂದರು. "ಡಾಕ್ಟ್ರ್ ಕೇಂಡ್ರೆ ಇಲ್ಲೆ ಅನ್. ಪೀಪಾಯಿ ಇಳ್ದ್ ಮೇಲೆ ಗ್ಯಾಸ್ ಎಲ್ಲಿತ್ತ್? ನೀನ್ ಹೊಸ್ತಾಯ್ ಎಂತದೂ ಹೇಳುಕ್ ಹೋಗ್ಬೇಡ."

ಬಚ್ಚನಿಗೆ ನಿಜವಾಗಿಯೂ ದಣಿವಾಗಿತ್ತು. ಇಲ್ಲ ಎನ್ನುವುದು ಒಂದು ಶಬ್ದ. ಅದನ್ನು ಹೇಳಿದರೆ ಖಾಕಿ ಅಂಗಿ ಇನ್ನೊಂದು ವರ್ಷ ಹಗ್ಗದ ಮೇಲೆ ಒಣಗುತ್ತದೆ. ಹೇಳದಿದ್ದರೆ ಹಟ್ಟಿಯಂಗಡಿಗೆ ಹೋಗಿ ಅಣ್ಣನ ಹಿಂದೆ ನಿಲ್ಲಬೇಕು, ಕೈಗೆ ಕೂರದ ತಾಳವನ್ನು ಈ ವಯಸ್ಸಿನಲ್ಲಿ ಕೂರಿಸಬೇಕು.

ಮನೆಯಲ್ಲಿ ಅಕ್ಕು ಬೈಗೆ ಮೀನನ್ನು ಕತ್ತಿಯಲ್ಲಿ ಹೆರೆದು ಸ್ವಚ್ಛ ಮಾಡುತ್ತಿದ್ದಳು. ಅವನು ಹತ್ತಿರ ಕೂತು ಕಿಟ್ಟ ಮಾಡಿ ತೋರಿಸಿದ್ದನ್ನು ಹೇಳಿದ. ಅಕ್ಕುವಿಗೆ ಆಶ್ಚರ್ಯವಾಗಲಿಲ್ಲ. ಊಟಕ್ಕೆ ಕೂತಾಗ ಅವನು ಬಾಯಲ್ಲಿ ಏನೂ ಇಲ್ಲದೆ ಅಗಿಯುವುದನ್ನು ಅವಳು ನೋಡಿದ್ದಳು. ದಣಿದ ಮನುಷ್ಯನನ್ನು ಮಾತಾಡಿಸಬಾರದು ಎಂದು ಸುಮ್ಮನಿರುತ್ತಿದ್ದಳಂತೆ. ಮಗಳು ಚಂದ್ರಾವತಿಗೂ ಮಾತಾಡಿಸಬೇಡ ಎಂದು ಹೇಳಿಟ್ಟಿದ್ದಳು. ಹೀಗೆ ಮನೆಯವರು ಗೌರವದಿಂದ, ಅಂಗಡಿಯವರು ತಮಾಷೆಯಿಂದ, ಒಟ್ಟು ಎಲ್ಲರೂ ಅವನೊಬ್ಬನಿಗೆ ತಿಳಿಯದ ಹಾಗೆ ನೋಡಿಕೊಂಡಿದ್ದರು.

ಆದರೆ ಡಾಕ್ಟರು ವರ್ಷವೂ ಕೇಳುವ ಮೂರ್ಛೆ ರೋಗ ಇದೇ ಇರಬಹುದೇ ಎಂದು ಅವನು ಕೇಳಿದಾಗ ಅಕ್ಕುವಿನ ಕೈಯಲ್ಲಿದ್ದ ಕತ್ತಿ ನಿಂತಿತು. ಬೀಗದ ಕೈ ಹಿಡಿಸುವ ರೋಗ ಅದು. ದಾರಿಯಲ್ಲಿ ಬಿದ್ದು ಒದ್ದಾಡಿದವರ ಮುಷ್ಟಿಗೆ ಯಾರಾದರೂ ಕಬ್ಬಿಣದ ಬೀಗದ ಕೈ ತುರುಕುತ್ತಾರೆ, ಸುತ್ತ ಜನ ನಿಲ್ಲುತ್ತಾರೆ. ಆಮೇಲೆ ಆ ಮನೆಯ ಹೆಣ್ಣನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಚಂದ್ರಾವತಿಗೆ ಬೈಂದೂರಿನ ಕಡೆಯಿಂದ ಮಾತು ಬಂದು ಅರ್ಧ ಗಟ್ಟಿಯಾಗಿತ್ತು.

"ನೀವ್ ಬೀಳುದಿಲ್ಲೆ, ನೊರಿ ಬಪ್ಪುದಿಲ್ಲೆ" ಎಂದಳು ಅಕ್ಕು. "ಅದ್ ಹ್ಯಾಂಗೆ ಆ ರೋಗ ಆತ್ತ್?"

ಬಚ್ಚ ಗೊತ್ತಿಲ್ಲ ಎಂದ. ಅದನ್ನೇ ಕೇಳಬೇಕಾಗಿದೆ ಎಂದ.

"ಕೇಂಬುದಾದ್ರೆ ಮದಿ ಆದ್ ಮೇಲೆ ಕೇಣಿ."

ಮದುವೆಗೆ ಇನ್ನೂ ಒಂದು ಮಳೆಗಾಲ ಇತ್ತು. ಅಷ್ಟು ದಿನವೂ ಬಸ್ಸು ದಿನಕ್ಕೆ ಎರಡು ಸಲ ಆ ಇಳಿಜಾರು ಇಳಿಯಬೇಕಿತ್ತು. ಇದನ್ನು ಅವನು ಹೇಳಲಿಲ್ಲ. ಅಕ್ಕುವಿಗೂ ಲೆಕ್ಕ ಗೊತ್ತಿತ್ತು. ಅವಳು ಮತ್ತೆ ಕತ್ತಿಗೆ ಕೈ ಹಚ್ಚಿದಳು.

ರಾಜೀವ ರಾಯರ ದವಾಖಾನೆಯಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ಕಣ್ಣು ಸರಿ, ಕಿವಿ ಸರಿ, ಎದೆ ಸರಿ. ಹಾಳೆಯ ಮೇಲೆ ಪೆನ್ನು ಓಡುತ್ತಾ ಬಂದು ಆ ಪ್ರಶ್ನೆಯ ಹತ್ತಿರ ಬಂತು. ಡಾಕ್ಟರು ಪೂರ್ತಿ ಕೇಳಲೂ ಇಲ್ಲ. ಈಗ ಗ್ಯಾಸೂ ಇಲ್ಲವಲ್ಲ ಎಂದು ಹೇಳಿ ಬರೆಯಲು ಹೊರಟರು.

"ವಾಸ್ನಿ ಇತ್ತ್ ಡಾಕ್ಟ್ರೆ" ಎಂದ ಬಚ್ಚ.

ಡಾಕ್ಟರು ತಲೆ ಎತ್ತಿದರು. ಬಚ್ಚ ಹೇಳಿದ: ವಾಸನೆ, ಹೊಟ್ಟೆ, ಕಳೆದುಹೋಗುವ ದಾರಿ, ಅಗಿಯುವ ಬಾಯಿ, ಅಂಗಿಯ ಗುಂಡಿ, ಹೊಳೆ. ಹೊರಗೆ ರೋಗಿಗಳು ಕಾಯುತ್ತಿದ್ದರು. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಚಿಕ್ಕಂದಿನಲ್ಲಿ ತಲೆಗೆ ಪೆಟ್ಟಾಗಿತ್ತೋ ಎಂದು ಕೇಳಿದರು. ಮಾವಿನ ಮರದಿಂದ ಬಿದ್ದು ಒಂದು ಹಗಲು ಎಚ್ಚರವಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಬಚ್ಚನಿಗೆ ನೆನಪಿತ್ತು. ಮೊದಲು ವಾಸನೆ ಬಂದದ್ದು ಯಾವಾಗ ಎಂದು ಕೇಳಿದರು. ಪೀಪಾಯಿ ಕಟ್ಟಿದ ಮೇಲೆ ಎಂದು ಹೇಳಲು ಬಾಯಿ ತೆರೆದ ಬಚ್ಚ ಅಲ್ಲಿಯೇ ನಿಂತ. ಪೀಪಾಯಿ ಬರುವ ಮೊದಲೂ ಒಂದೆರಡು ಸಲ ಬಂದಿತ್ತು. ಆಗ ಅವನು ಅದನ್ನು ಯಾರದೋ ಬಚ್ಚಲ ಒಲೆ ಎಂದುಕೊಂಡಿದ್ದ.

ಇದೂ ಅಪಸ್ಮಾರವೇ ಎಂದು ಡಾಕ್ಟರು ಹೇಳಿದರು. ಎಲ್ಲರೂ ಬೀಳುವುದಿಲ್ಲ, ಎಲ್ಲರಿಗೂ ನೊರೆ ಬರುವುದಿಲ್ಲ. ಕೆಲವರಿಗೆ ಇಲ್ಲದ ವಾಸನೆ ಬರುತ್ತದೆ, ಮನಸ್ಸು ಸ್ವಲ್ಪ ಹೊತ್ತು ಹೋಗಿ ವಾಪಸು ಬರುತ್ತದೆ, ದೇಹ ಅಷ್ಟು ಹೊತ್ತು ತನ್ನಷ್ಟಕ್ಕೆ ಏನೋ ಮಾಡುತ್ತಿರುತ್ತದೆ. ಮಾತ್ರೆ ಇದೆ, ಅದನ್ನು ನುಂಗಿದರೆ ಕಡಿಮೆಯಾಗುತ್ತದೆ, ನಿದ್ದೆ ಹೆಚ್ಚಾಗುತ್ತದೆ. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾಗುವುದಿಲ್ಲ. ಇಷ್ಟು ಹೇಳಿ ಅವರು ಕಿಟಕಿಯ ಕಡೆ ನೋಡಿದರು. ಹಿಂದಿನ ವರ್ಷಗಳ ರುಜುಗಳು ಅವರಿಗೆ ನೆನಪಾಗಿರಬೇಕು. ಅದನ್ನು ಅವರು ಆಡಲಿಲ್ಲ, ಬಚ್ಚನೂ ಎತ್ತಲಿಲ್ಲ.

"ಬಸ್ ಇನ್ನ್ ಬೇಡ ಬಚ್ಚ" ಎಂದರು. ಆಮೇಲೆ ಕೇಳಿದರು: "ಮನಿಯಲ್ ಹೆಣ್ಣ್ ಇತ್ತಲ್ದಾ, ಮದಿಗೆ ಬಂದದ್ದ್?"

ಇದೆ ಎಂದ ಬಚ್ಚ. ಹಾಗಾದರೆ ಕಣ್ಣು ಮಂದ ಎಂದು ಬರೆದುಕೊಡುತ್ತೇನೆ, ಲೈಸೆನ್ಸು ಅದರಿಂದಲೂ ನಿಲ್ಲುತ್ತದೆ, ಊರಿಗೆ ಹೆಸರು ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಅವರ ಮಟ್ಟಿಗೆ ಅದು ದೊಡ್ಡ ಔದಾರ್ಯ. ತಮ್ಮ ಹಳೆಯ ರುಜು ಉಳಿಸಿಕೊಳ್ಳುವ ಉಪಾಯವೂ ಅದರಲ್ಲಿ ಸೇರಿರಬಹುದು. ಎರಡನ್ನೂ ಬೇರ್ಪಡಿಸುವುದು ಕಷ್ಟ.

ಬಚ್ಚ ಚಂದ್ರಾವತಿಯನ್ನು ನೆನೆದ, ಅಕ್ಕುವಿನ ನಿಂತ ಕತ್ತಿಯನ್ನು ನೆನೆದ. ಆಮೇಲೆ ಹೆಗ್ಡೆಯವರನ್ನು ನೆನೆದ.

"ಕಣ್ಣ್ ಅಂತ ಬರದ್ರೆ ಹೆಗ್ಡೇರ್ ನಂಗೊಂದ್ ಕನ್ನಡ್ಕ ಮಾಡ್ಸಿ ಕೊಡ್ತ್ರ್" ಎಂದ. "ಮತ್ತ್ ಅದೇ ಸೀಟಲ್ ಕೂರಿಸ್ತ್ರ್. ನಾನೂ ಕೂಕಂತೆ ಡಾಕ್ಟ್ರೆ. ಕೂಕೋ ಅಂದ್ರೆ ಬೇಡ ಅಂಬ ಮನ್ಷ ನಾನಲ್ಲ. ಇದ್ದದ್ದೇ ಬರ್ದ್ ಕೊಡಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಮುಂದಿನದ್ದು ಎಲ್ಲರೂ ಊಹಿಸಿದ ಹಾಗೇ ಆಯಿತು. ಹೆಗ್ಡೆಯವರು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಬೇರೆ ಡಾಕ್ಟರ ಹೆಸರು ಹೇಳಿದರು. ಹಾಳೆ ಆಗಲೇ ಮಂಗಳೂರಿಗೆ ಹೋಗಿದೆ ಎಂದು ಬಚ್ಚ ಹೇಳಿದ. ಸೈನ್ಯದಿಂದ ಮರಳಿ ಬಂದ ಚಂದ್ರ ಎಂಬವನು ಆ ಸೀಟಿಗೆ ಬಂದ. ಗಟ್ಟಿ ಆಳು, ಬೇಗ ಓಡಿಸುತ್ತಿದ್ದ. ಬೈಂದೂರಿನವರು ಯಾರಿಂದಲೋ ಕೇಳಿ ತಿಳಿದು, ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಮೊದಲೇ ಕೂಡಿತ್ತು. ಅಕ್ಕು ಗಂಡನ ಮೇಲೆ ಕೂಗಾಡಲಿಲ್ಲ. ಕಣ್ಣು ಎಂದು ಬರೆಸಿಕೊಂಡು ಬರಲು ಆಗುತ್ತಿರಲಿಲ್ಲವೇ ಎಂದು ಒಂದು ಸಲ ಕೇಳಿದಳು, ಉತ್ತರ ಕೇಳಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಮರುವರ್ಷ ಚಂದ್ರಾವತಿಯನ್ನು ಕೊಲ್ಲೂರಿನ ಕಡೆಯ ಒಬ್ಬ ಹೂವಿನ ಅಂಗಡಿಯವನಿಗೆ ಕೊಟ್ಟರು. ಅವರು ಏನೂ ಕೇಳಲಿಲ್ಲ. ಅವರ ಮನೆಯಲ್ಲಿಯೂ ಯಾರೂ ಕೇಳಬಾರದ ಸಂಗತಿ ಒಂದಿತ್ತು.

ಹೆಗ್ಡೆಯವರು ಬಚ್ಚನನ್ನು ಬಿಡಲಿಲ್ಲ. ಕುಂದಾಪುರದ ನಿಲ್ದಾಣದಲ್ಲಿ ಜನ ಕೂಗಿ ಹತ್ತಿಸುವ ಕೆಲಸ ಕೊಟ್ಟರು. ಖಾಕಿ ಅಂಗಿ ಅವನ ಮೈಮೇಲೇ ಉಳಿಯಿತು. ಅಕ್ಕು ಬೇರೆ ಹೊಲಿಸಲಿಲ್ಲ. ಹ್ವಾಯ್, ಕೋಟ, ಸಾಲಿಗ್ರಾಮ, ಬ್ರಹ್ಮಾವರ ಎಂದು ಅವನು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದ. ಮಾತ್ರೆಯಿಂದ ನಾಲಿಗೆ ದಪ್ಪವಾಗಿ ಊರಿನ ಹೆಸರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕಿಟ್ಟ ಅದನ್ನೂ ಅಣಕಿಸಬಲ್ಲವನಾಗಿದ್ದ, ಅಣಕಿಸಲಿಲ್ಲ. ವಾಸನೆ ಅಪರೂಪವಾಯಿತು, ನಿಲ್ಲಲಿಲ್ಲ.

ಒಂದು ದಿನ ಬ್ರಹ್ಮಾವರದ ನೆಂಟರೊಬ್ಬರನ್ನು ನೋಡಲು ಬಚ್ಚ ಅದೇ ಬಸ್ಸು ಹತ್ತಿದ. ಖಾಲಿ ಇದ್ದದ್ದು ಅಮ್ಮಣ್ಣಿಯ ಮಗ್ಗುಲು. ಅವಳ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಆ ಕೈಯಲ್ಲೇ ಅವಳು ಬುಟ್ಟಿ ಸರಿಸಿ ಜಾಗ ಕೊಟ್ಟಳು. ತೆಕ್ಕಟ್ಟೆ ದಾಟಿದ ಮೇಲೆ ಅವನಿಗೆ ವಾಸನೆ ಬಂತು, ಹೊಟ್ಟೆ ಎದ್ದು ಬಂತು.

ಅವನು ಮರಳಿ ಬಂದಾಗ ಹೊರಗೆ ಗದ್ದೆಗಳು ಓಡುತ್ತಿದ್ದವು. ಅವನ ಅಂಗಿಯ ಎರಡು ಗುಂಡಿ ಬಿಚ್ಚಿತ್ತು. ಅವನ ಕೈಯಲ್ಲಿದ್ದ ಕೊಡೆ ಅಮ್ಮಣ್ಣಿಯ ತೊಡೆಯ ಮೇಲಿತ್ತು.

"ಕೋಟ ಹೋಯ್ತ್, ಸಾಲಿಗ್ರಾಮವೂ ಹೋಯ್ತ್" ಎಂದಳು ಅವಳು. "ಗುಂಡಿ ಹಾಕೋ."

ಅವನು ಗುಂಡಿ ಹಾಕಿಕೊಂಡ. ಮಾಬುಕಳದ ಇಳಿಜಾರು ಬಂತು. ಹೊಸ ಡ್ರೈವರ್ ಚಂದ್ರ ವೇಗದಲ್ಲೇ ಇಳಿಸಿ, ನೀರಿನಿಂದ ಬಹಳ ಮೇಲೆಯೇ ಬಸ್ಸು ನಿಲ್ಲಿಸಿದ. ಜನ ಬುಟ್ಟಿ, ಗಂಟು ಹಿಡಿದು ಇಳಿಯತೊಡಗಿದರು. ಬಚ್ಚ ಏಳಲಿಲ್ಲ. ಅವನ ಬಲಗಾಲು ಮುಂದಿನ ಬರಿಯ ಹಲಗೆಯನ್ನು ಬಲವಾಗಿ ಒತ್ತಿ ಹಿಡಿದಿತ್ತು.

ಅಮ್ಮಣ್ಣಿ ಆ ಕಾಲನ್ನು ನೋಡಿದಳು.

"ನಿಂತಿತ್ತ್ ಮಾರಾಯ" ಎಂದಳು. "ಕಾಲ್ ತೆಗಿ, ನಂಗ್ ಇಳಿಯುಕ್ ಇತ್ತ್."